ಮನೆ ಬೆಲೆ ಏರಬೇಕಾದರೆ ಯಾವ ಕೋಣೆಗೆ ಮೊದಲು ದುಡ್ಡು ಹಾಕಬೇಕು?

ತಿಪಟೂರು: ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದಾಗ, ಚೀಟಿ ಎತ್ತಿದಾಗ, ಇಲ್ಲವೇ ನಿವೃತ್ತಿಯ ಹಣ ಬಂದಾಗ ಮನೆಯಲ್ಲಿ ಮೊದಲು ಏಳುವ ಮಾತು ರಿಪೇರಿಯದ್ದು. ಮನೆಯಾಕೆಗೆ ಅಡುಗೆಮನೆ ಆಗಬೇಕು. ಯಜಮಾನರಿಗೆ ಹಾಲ್‌ಗೆ ಹೊಸ ಟೈಲ್ಸು, ಪಿಒಪಿ ಸೀಲಿಂಗು ಬೇಕು. ಮಗ 'ಮುಂದಿನ ರೂಮು ಒಡೆದು ಶಟರ್ ಹಾಕ್ಸೋಣ, ಬಾಡಿಗೆ ಬರುತ್ತೆ' ಅಂತಾನೆ. ಮಂಡಿನೋವಿನ ಅಜ್ಜಿ ರಾತ್ರಿ ಹೊತ್ತು ಹಿತ್ತಲ ಕಕ್ಕಸಿಗೆ ಹೋಗಿ ಬರುವ ಕಷ್ಟ ಹೇಳುತ್ತಾರೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರೀ ದುಡ್ಡಿನ ಲೆಕ್ಕದಲ್ಲಿ ನೋಡಿದರೂ ಬಹಳಷ್ಟು ಸಲ ಸರಿ ಇರುವುದು ಅಜ್ಜಿಯ ಮಾತೇ.

ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಊರುಗಳಲ್ಲಿ 20-30 ವರ್ಷದ ಹಿಂದೆ ಕಟ್ಟಿದ ಮನೆ ಇಟ್ಟುಕೊಂಡವರು, ಕೈಯಲ್ಲಿ ಎರಡು-ಮೂರು ಲಕ್ಷ ಇದ್ದು ಒಂದೇ ಕೋಣೆ ಮಾಡಿಸಲು ಸಾಧ್ಯ ಎನ್ನುವವರು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಇಂದೇ ಮಾರುವ ಯೋಚನೆ ಇಲ್ಲದಿದ್ದರೂ ಬಾಡಿಗೆ, ಭೋಗ್ಯ, ಬ್ಯಾಂಕ್ ಸಾಲ, ಅಣ್ಣತಮ್ಮಂದಿರ ಭಾಗ ಎಂದು ಒಂದಲ್ಲ ಒಂದು ದಿನ ಮನೆಗೆ ಬೆಲೆ ಕಟ್ಟುವ ಸಂದರ್ಭ ಬಂದೇ ಬರುತ್ತದೆ.

ಬೆಲೆ ಇರುವುದು ಎಲ್ಲಿ?

ತಾಲ್ಲೂಕು ಊರುಗಳಲ್ಲಿ ಮನೆಯ ಬೆಲೆಯ ದೊಡ್ಡ ಪಾಲು ಸೈಟಿನದು. 30x40 ಎಂದರೆ 1,200 ಚದರಡಿ ಜಾಗ. ಅದರ ಮುಂದೆ ಎಷ್ಟು ಅಗಲದ ರಸ್ತೆ ಇದೆ, ಯಾವ ದಿಕ್ಕು, ನೀರು ಹೇಗೆ, ದಾಖಲೆ ಸರಿ ಇದೆಯಾ ಎನ್ನುವುದರ ಮೇಲೆ ಮಾತು ಶುರುವಾಗುತ್ತದೆ. ಜಾಗ ಹಳೆಯದಾಗುವುದಿಲ್ಲ, ಕಟ್ಟಡ ಹಳೆಯದಾಗುತ್ತದೆ. ಸಾಲಕ್ಕೆ ಮುನ್ನ ಬ್ಯಾಂಕಿನವರು ಕಳಿಸುವ ಇಂಜಿನಿಯರ್ ಕೂಡ ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಪಿಒಪಿ ಸೀಲಿಂಗು, ಟಿವಿ ಯೂನಿಟ್ಟು, ಗೋಡೆಯ ಡಿಸೈನ್ ಪೇಪರು ಅವರ ವರದಿಯಲ್ಲಿ ಹೆಚ್ಚು ತೂಕ ಪಡೆಯುವುದಿಲ್ಲ. ಕೊಳ್ಳುವವರಲ್ಲಿ ಸಾಲ ಮಾಡಿ ಕೊಳ್ಳುವವರೇ ಜಾಸ್ತಿ. 30 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ಶೇ. 90ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಇಂಜಿನಿಯರ್ ಒಪ್ಪದ ಅಲಂಕಾರಕ್ಕೆ ಮಾರುವವರು ಬೆಲೆ ಕೇಳಿದರೆ, ಆ ದುಡ್ಡನ್ನು ಕೊಳ್ಳುವವರು ಕೈಯಿಂದ ಹೊಂದಿಸಬೇಕು. ಅಲ್ಲಿಗೆ ಚೌಕಾಸಿ ಶುರು.

ಇನ್ನು ಇ-ಖಾತಾ ಇಲ್ಲದ ಮನೆಯವರು ಯಾವ ಕೋಣೆ ಎಂದು ಯೋಚಿಸುವ ಮೊದಲು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಮೆಟ್ಟಿಲು ಹತ್ತಬೇಕು. ಈಗ ಇ-ಖಾತಾ ಇಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರಾಟದ ನೋಂದಣಿ ಆಗುವುದಿಲ್ಲ. ಮೂರು ಲಕ್ಷದ ಅಡುಗೆಮನೆ ಮಾಡಿಸಿ, ಖಾತೆ ಇನ್ನೂ ತಾತನ ಹೆಸರಲ್ಲೇ ಇದ್ದರೆ ಆ ಮನೆಗೆ ಗಿರಾಕಿ ನಿಲ್ಲುವುದು ಕಷ್ಟ.

ಕೋಣೆಗೂ ಮುಂಚೆ ತಾರಸಿ

ಮನೆ ನೋಡಲು ಬಂದವರ ಕಣ್ಣನ್ನು ಗಮನಿಸಿದರೆ ಒಂದು ವಿಷಯ ಗೊತ್ತಾಗುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಗಂಡಸರು ತಲೆ ಎತ್ತಿ ಸೀಲಿಂಗ್ ನೋಡುತ್ತಾರೆ. ಹಳದಿ ಕಲೆ, ಉಬ್ಬಿದ ಬಣ್ಣ, ಕಬ್ಬಿಣ ಕಾಣುವ ಬಿರುಕು ಕಂಡರೆ ಉಳಿದದ್ದನ್ನು ಅರ್ಧ ಮನಸ್ಸಿನಿಂದ ನೋಡುತ್ತಾರೆ. ಸೋರಿಕೆ ಸರಿಮಾಡಲು ನಿಜವಾಗಿ ಆಗುವ ಖರ್ಚಿಗಿಂತ ಎರಡು ಪಟ್ಟು ಮನಸ್ಸಿನಲ್ಲೇ ಕಳೆದುಬಿಡುತ್ತಾರೆ.

ಬಹಳ ಸಲ ಕಾರಣ ಚಿಕ್ಕದಾಗಿರುತ್ತದೆ. ತೆಂಗಿನ ಗರಿಯ ಚೂರು, ಎಲೆ ತುಂಬಿ ಮಳೆನೀರಿನ ಪೈಪು ಕಟ್ಟಿಕೊಂಡಿರುತ್ತದೆ, ಇಲ್ಲವೇ ಸಿಂಟೆಕ್ಸ್ ತುಂಬಿ ಹರಿದ ನೀರು ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತಿರುತ್ತದೆ. ಆರ್‌ಸಿಸಿ ತಾರಸಿಯಾದರೆ ಇಳಿಜಾರು ಸರಿಮಾಡಿಸಿ, ಬಿರುಕು ಕೆತ್ತಿ ತುಂಬಿಸಿ, ಆಮೇಲೆ ವಾಟರ್‌ಪ್ರೂಫ್ ಲೇಪನ ಹೊಡೆಸಬೇಕು. ಇಳಿಜಾರು ಸರಿ ಇಲ್ಲದ ತಾರಸಿಗೆ ಬರೀ ಲೇಪನ ಹೊಡೆಸಿದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಈ ಖರ್ಚಿನಿಂದ ಬೆಲೆ ಏರುತ್ತದೆ ಎನ್ನುವುದಕ್ಕಿಂತ ಬೆಲೆ ಬೀಳುವುದು ತಪ್ಪುತ್ತದೆ ಎನ್ನಬೇಕು. ಆದರೂ ಮೊದಲ ರೂಪಾಯಿ ಹೋಗಬೇಕಾದ್ದು ಇಲ್ಲಿಗೇ. ಸೋರುವ ಸೂರಿನ ಕೆಳಗೆ ಮಾಡಿಸಿದ ಯಾವ ಕೋಣೆಯೂ ಉಳಿಯುವುದಿಲ್ಲ.

ಬಚ್ಚಲು, ಶೌಚಾಲಯ: ಕಡಿಮೆ ಜಾಗ, ಹೆಚ್ಚು ಫಲ

ಬಾಡಿಗೆಗೆ ಮನೆ ಕೇಳಿ ಬರುವವರ ಮೊದಲ ಪ್ರಶ್ನೆ ನೀರು ಹೇಗೆ ಎಂಬುದು. ಎರಡನೆಯದು 'ಬಾತ್‌ರೂಮ್ ಒಳಗಿದೆಯಾ, ಅಟ್ಯಾಚ್ ಇದೆಯಾ?'. ಬ್ಯಾಂಕು, ಶಾಲೆ, ಆಸ್ಪತ್ರೆ ಕೆಲಸಕ್ಕೆ ವರ್ಗವಾಗಿ ಬರುವವರು, ಬೆಂಗಳೂರಿನಿಂದ ಊರಿಗೆ ವಾಪಸಾಗುವವರು ಹಿತ್ತಲಿಗೆ ನಡೆದು ಹೋಗುವ ಶೌಚಾಲಯವಿರುವ ಮನೆಯನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ. ಮಾರಾಟದಲ್ಲೂ ಹಾಗೆಯೇ. ಅಡುಗೆಮನೆ ಹಳೆಯದಾಗಿದ್ದರೆ ಕೊಂಡವರು 'ಆಮೇಲೆ ಮಾಡಿಸ್ಕೊಳ್ಳೋಣ' ಎಂದು ಸುಮ್ಮನಾಗುತ್ತಾರೆ, ಒಳಗೆ ಶೌಚಾಲಯ ಇಲ್ಲದಿದ್ದರೆ ಹಾಗೆ ಅನ್ನುವುದಿಲ್ಲ. ಅಡುಗೆಮನೆ ಚೆನ್ನಾಗಿದ್ದರೆ ಹೊಗಳುವವರು ಹೆಚ್ಚಾಗುತ್ತಾರೆ, ಬಚ್ಚಲು ಸರಿ ಇದ್ದರೆ ಗಿರಾಕಿಗಳೇ ಹೆಚ್ಚಾಗುತ್ತಾರೆ.

ಖರ್ಚಿನ ಅಳತೆಯೂ ಚಿಕ್ಕದು. 5 ಅಡಿಗೆ 7 ಅಡಿಯ ಬಾತ್‌ರೂಮಿಗೆ ನೆಲ 35 ಚದರಡಿ. ಸುತ್ತಳತೆ 24 ಅಡಿ, 7 ಅಡಿ ಎತ್ತರಕ್ಕೆ ಟೈಲ್ಸ್ ಎಂದರೆ 168 ಚದರಡಿ, ಬಾಗಿಲಿನ ಜಾಗ ಕಳೆದರೆ ಸುಮಾರು 150. ಎರಡೂ ಸೇರಿ 185, ಒಡೆಯುವುದು ಕತ್ತರಿಸುವುದಕ್ಕೆ ಶೇ. 10 ಸೇರಿಸಿದರೆ 205 ಚದರಡಿಯೊಳಗೆ ಮುಗಿಯಬೇಕು. ಅಂಗಡಿಯವರೋ ಮೇಸ್ತ್ರಿಯೋ 280 ಅಂದರೆ ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ.

ಒಳಗೆ ಹೊಸದಾಗಿ ಮಾಡಿಸುವವರಿಗೆ ಜಾಗ ಎಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ಉಗ್ರಾಣ, ಹಿಂದಿನ ರೂಮಿನ ಒಂದು ಮೂಲೆ, ಮೆಟ್ಟಿಲ ಕೆಳಗಿನ ಜಾಗ ನೋಡಬಹುದು. 4 ಅಡಿಗೆ 7 ಅಡಿ ಸಿಕ್ಕರೆ ಸಾಕು, ಆದರೆ ಒಂದು ಗೋಡೆಯಾದರೂ ಹೊರಗೋಡೆ ಆಗಿರಬೇಕು. ಗಾಳಿ ಕಿಂಡಿಗೂ ಪೈಪಿಗೂ ಅದೇ ದಾರಿ. ಇಲ್ಲಿ ಆಗುವ ಸಾಮಾನ್ಯ ತಪ್ಪು ಒಂದಿದೆ. ಮನೆ ನಡುವೆ ಶೌಚಾಲಯ ಕೂರಿಸಿ, ಪೈಪಿಗೆ ಇಳಿಜಾರು ಸಾಲದೆ ನೆಲವನ್ನೇ ಆರೆಂಟು ಇಂಚು ಎತ್ತರಿಸುತ್ತಾರೆ. ಯಾರಿಗಾಗಿ ಮಾಡಿಸಿದರೋ ಆ ಅಜ್ಜಿಯೇ ಆ ಮೆಟ್ಟಿಲು ಎಡವುತ್ತಾರೆ. ಹೊರಗೋಡೆಗೆ ಒರಗಿಸಿ, ಗೋಡೆಯ ಮೂಲಕ ಪೈಪು ಹೋಗುವ ಪಿ-ಟ್ರ್ಯಾಪ್ ಕಮೋಡ್ ಹಾಕಿಸಿದರೆ ನೆಲ ಎತ್ತರಿಸುವ ಗೋಜು ಬಹುತೇಕ ತಪ್ಪುತ್ತದೆ. ಬಚ್ಚಲ ನೆಲ ಪಕ್ಕದ ರೂಮಿನ ನೆಲಕ್ಕಿಂತ ಅರ್ಧದಿಂದ ಒಂದು ಇಂಚು ತಗ್ಗಿರಬೇಕು, ನೀರು ಹೋಗುವ ಕಡೆಗೆ 4 ಅಡಿಗೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಜಾರು ಇರಬೇಕು.

ಟೈಲ್ಸ್ ಅಂಟಿಸುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆಯನ್ನು ಅವಸರದಲ್ಲಿ ಬಿಡುತ್ತಾರೆ. ವಾಟರ್‌ಪ್ರೂಫ್ ಲೇಪನ ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ 24ರಿಂದ 48 ಗಂಟೆ ಬಿಡಬೇಕು. ಪಕ್ಕದ ಗೋಡೆ ತೇವ ಆದರೆ ಆಗಲೇ ಗೊತ್ತಾಗುತ್ತದೆ. ಟೈಲ್ಸ್ ಆದಮೇಲೆ ಗೊತ್ತಾದರೆ ಒಡೆಯುವ ಕೂಲಿ ಬೇರೆ. ಹಳೆಯ ಜಿಐ ಪೈಪು ಗೋಡೆಯೊಳಗೆ ಇದ್ದರೆ ಈಗಲೇ ಕಿತ್ತು ಹಾಕಿಸಬೇಕು. ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ ಎಂದು ಪ್ಲಂಬರಿಗೆ ಮೊದಲೇ ಹೇಳಬೇಕು.

ದುಬಾರಿ ನಲ್ಲಿ, ಶವರ್ ಸೆಟ್ಟಿಗೆ ಕೈ ಹಾಕುವ ಮುನ್ನ ಮನೆಯ ನೀರು ನೋಡಿಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಹೊಳೆಯುವ ಫಿಟ್ಟಿಂಗು ಕೆಲವೇ ತಿಂಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಗೀಸರ್ ಕಾಯಿಲ್ ಕೂಡ. ಮಧ್ಯಮ ದರ್ಜೆಯ, ಬಿಡಿಭಾಗ ಊರಿನಲ್ಲೇ ಸಿಗುವ ನಲ್ಲಿಯೇ ವಾಸಿ. ಆ ಉಳಿಕೆಯಲ್ಲಿ ಜಾರದ ನೆಲದ ಟೈಲ್ಸ್, ಗೋಡೆಗೆ ಹಿಡಿಕೆ, ಎಕ್ಸಾಸ್ಟ್ ಫ್ಯಾನು, ಕೆಳಗೆ ಕೊಳೆಯದ ಪಿವಿಸಿ ಬಾಗಿಲು ಬರುತ್ತವೆ. ಬಾಗಿಲು ಎರಡೂವರೆ ಅಡಿಗಿಂತ ಕಡಿಮೆ ಬೇಡ. ವಾಕರ್ ಹಿಡಿದವರು ಒಳಗೆ ಹೋಗಬೇಕಲ್ಲ.

ಹಿತ್ತಲ ಹಂಡೆ ಒಲೆಯ ಬಚ್ಚಲನ್ನು ಕೆಡವಿಯೇ ಬಿಡಬೇಕು ಅಂತೇನಿಲ್ಲ. ತೆಂಗಿನ ಮಟ್ಟೆ, ಚಿಪ್ಪು ಪುಕ್ಕಟೆ ಸಿಗುವ ಊರಿನಲ್ಲಿ ಬಿಸಿನೀರಿಗೆ ಅದಕ್ಕಿಂತ ಅಗ್ಗದ್ದು ಇಲ್ಲ. ತೋಟವಿರುವ ಗಿರಾಕಿ ಅದನ್ನು ಕಂಡು ಖುಷಿಯನ್ನೇ ಪಡುತ್ತಾರೆ. ಒಳಗೆ ಚಿಕ್ಕದೊಂದು ಮಾಡಿಸಿ, ಹೊರಗಿನದನ್ನು ಇದ್ದ ಹಾಗೇ ಬಿಡಬಹುದು.

ಗುಂಡಿಯ ವಿಷಯದಲ್ಲಿ ಮಾತ್ರ ಹಟ ಬೇಡ. ಇಂಗುಗುಂಡಿಗೂ ಕುಡಿಯುವ ನೀರಿನ ಕೊಳವೆಬಾವಿಗೂ 50-60 ಅಡಿ ಅಂತರ ಬೇಕು. 30x40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿಯೇ. ಬೀದಿಯಲ್ಲಿ ಒಳಚರಂಡಿ ಇದ್ದರೆ ಅದರ ಸಂಪರ್ಕವನ್ನೇ ತೆಗೆದುಕೊಳ್ಳಬೇಕು. ಗುಂಡಿ ಇರುವ ಮನೆಗಿಂತ ಸಂಪರ್ಕ ಇರುವ ಮನೆಗೆ ಗಿರಾಕಿ ಬೇಗ ಒಪ್ಪುತ್ತಾರೆ.

ವಾಸ್ತು ಮಾತು ಬಾರದೆ ಇರದು. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಈಶಾನ್ಯ ಮೂಲೆಯಲ್ಲಿ ಶೌಚಾಲಯ ಕಂಡು ಮನೆಯೇ ಬೇಡ ಎನ್ನುವವರು ಇಲ್ಲಿ ಬಹಳ ಮಂದಿ. ನಂಬದವರೂ ಮಾರುವ ದಿನಕ್ಕಾಗಿ ಆ ಮೂಲೆ ಬಿಟ್ಟು ಮಾಡಿಸಿದರೆ ನಷ್ಟವೇನೂ ಇಲ್ಲ.

ಅಡುಗೆಮನೆ: ಅರ್ಧ ಮಾಡಿಸಿದರೆ ಲಾಭ, ಪೂರ್ತಿ ಮಾಡಿಸಿದರೆ ಶೋಕಿ

ದಿನಕ್ಕೆ ನಾಲ್ಕೈದು ಗಂಟೆ ಅಲ್ಲೇ ನಿಲ್ಲುವವರಿಗೆ ಅಡುಗೆಮನೆ ಎಂದರೆ ಬರೀ ಬೆಲೆಯ ಪ್ರಶ್ನೆ ಅಲ್ಲ, ಅದನ್ನು ಒಪ್ಪಲೇಬೇಕು. ಮಾರಾಟದ ಮಾತಿಗೆ ಬಂದರೆ ಅಲ್ಲಿ ಎರಡು ಬಗೆಯ ಖರ್ಚು ಇದೆ. ಕಲ್ಲು, ಟೈಲ್ಸು, ಸಿಂಕು, ನೀರು, ಕರೆಂಟು ಒಂದು. ಕೆಳಗೆ ಮೇಲೆ ಕೂರಿಸುವ ಮಾಡ್ಯುಲರ್ ಕಪಾಟು ಇನ್ನೊಂದು. ಮೊದಲನೆಯದು ಎಲ್ಲರಿಗೂ ಬೇಕು, ಎರಡನೆಯದು ಮಾಡಿಸಿದವರ ರುಚಿ.

8 ಅಡಿ, 8 ಅಡಿಯ ಎಲ್ ಆಕಾರದ ಕಟ್ಟೆಗೆ ಬೇಕಾಗುವ ಕಪ್ಪು ಗ್ರಾನೈಟು ಎರಡು ಅಡಿ ಅಗಲಕ್ಕೆ 30 ಚದರಡಿ ಆಸುಪಾಸು. ಅದರ ಮೇಲೆ ಎರಡು ಅಡಿ ಎತ್ತರದ ಟೈಲ್ಸ್ ಇನ್ನೊಂದು 32. ಹಳೇ ಕಡಪ ಕಲ್ಲಿನ ಜಾಗದಲ್ಲಿ ಇಷ್ಟು ಬಂದು, ಆಳವಾದ ಸ್ಟೀಲ್ ಸಿಂಕು, ಮಿಕ್ಸಿ, ಫ್ರಿಜ್ಜು, ಇಂಡಕ್ಷನ್ ಒಲೆಗೆ ಬೇರೆ ಬೇರೆ ಪಾಯಿಂಟು, ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ವಾಷಿಂಗ್ ಮೆಷಿನ್‌ಗೆ ನಲ್ಲಿ ಇದ್ದರೆ ಮನೆ ನೋಡಲು ಬಂದ ಹೆಂಗಸರಿಗೆ ಸಮಾಧಾನ. ವೈರಿಂಗ್ ಹಳೆಯದಾದರೆ 16 ಆಂಪ್ ಪಾಯಿಂಟಿಗೂ ಗೀಸರ್‌ಗೂ 4 ಚದರ ಮಿ.ಮೀ. ತಾಮ್ರದ ವೈರು ಎಳೆಸಿ, ಬೋರ್ಡಿನಲ್ಲಿ ಶಾಕ್ ತಡೆಯುವ 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿಸುವುದು ಒಳ್ಳೆಯದು.

ಕಪಾಟಿಗೆ ಹೋದರೆ ಬಿಲ್ಲು ಅಲ್ಲಿಂದ ಮೇಲೇಳುತ್ತದೆ. ಅಗ್ಗದ ಪಾರ್ಟಿಕಲ್ ಬೋರ್ಡು ಸಿಂಕಿನ ಕೆಳಗೆ ನೀರು ಕುಡಿದು ಉಬ್ಬುತ್ತದೆ. ಗೆದ್ದಲ ಕಾಟವಿರುವ ಹಳೇ ಮನೆಗಳಲ್ಲಿ ಗೋಡೆಗೆ ಅಂಟಿದ ಮರದ ಪೆಟ್ಟಿಗೆ ಎಂದರೆ ಆಹ್ವಾನ ಕೊಟ್ಟಂತೆ. ಮಾಡಿಸಲೇಬೇಕು ಎನ್ನುವವರು ಸಿಂಕಿನ ಸುತ್ತಲಾದರೂ ಐಎಸ್ 710 ಗುರುತಿನ ಪ್ಲೈವುಡ್ ಕೇಳಬೇಕು. ಬಣ್ಣ ಬಣ್ಣದ ಲ್ಯಾಮಿನೇಟು ಹತ್ತು ವರ್ಷದಲ್ಲಿ ಹಳೆಯ ಫ್ಯಾಷನ್ ಆಗುತ್ತದೆ. ಕೊಂಡವರು ಕಿತ್ತೆಸೆದರೂ ಆಶ್ಚರ್ಯವಿಲ್ಲ. ಒಂದೂವರೆ ಲಕ್ಷದ ಕಪಾಟಿಗೆ ಮಾರುವಾಗ ಒಂದೂವರೆ ಲಕ್ಷ ಸಿಗುತ್ತದೆ ಎಂದು ನಂಬಿ ಸಾಲ ಮಾಡಬಾರದು.

ಮುಂದಿನ ರೂಮಿಗೆ ಶಟರ್?

ಮಗನ ಮಾತನ್ನು ತಳ್ಳಿಹಾಕುವಂತಿಲ್ಲ. ತಿಪಟೂರು, ಗುಬ್ಬಿ ಊರೊಳಗೆ ಹಾದುಹೋಗುವ ಬಿ.ಎಚ್. ರಸ್ತೆಯಂಥ ಕಡೆ, ಬಸ್ ನಿಲ್ದಾಣ, ಸಂತೆ, ಮಾರುಕಟ್ಟೆ ದಾರಿಯಲ್ಲಿ ಇರುವ ಮನೆಗೆ ಒಂದು ಮಳಿಗೆ ಕೊಡುವ ಬಾಡಿಗೆಯನ್ನು ಒಳಗಿನ ಯಾವ ಕೋಣೆಯೂ ಕೊಡದು. ಆದರೆ ಬಡಾವಣೆಯ ಒಳರಸ್ತೆಯಲ್ಲಿ ಶಟರ್ ಹಾಕಿ, ಎರಡು ವರ್ಷ ಬೀಗ ಬಿದ್ದು, ಕೊನೆಗೆ ಬೈಕ್ ನಿಲ್ಲಿಸುವ ಜಾಗವಾದ ಮುಂದಿನ ರೂಮುಗಳೂ ಪ್ರತಿ ಊರಲ್ಲೂ ಕಾಣುತ್ತವೆ. ಆ ಬೀದಿಯಲ್ಲಿ ಈಗಾಗಲೇ ಎಷ್ಟು ಮಳಿಗೆ ಖಾಲಿ ಬಿದ್ದಿವೆ ಎಂದು ಒಂದು ಸುತ್ತು ನಡೆದು ಎಣಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಶಟರ್‌ಗಾಗಿ ಗೋಡೆ ಒಡೆಯುವುದು ಟೈಲ್ಸ್ ಕೆಲಸದಂಥ ಸಣ್ಣ ಕೆಲಸವಲ್ಲ. ಪಿಲ್ಲರ್ ಇಲ್ಲದೆ ಇಟ್ಟಿಗೆ, ಕಲ್ಲಿನ ಗೋಡೆಯ ಮೇಲೆಯೇ ತಾರಸಿ ಕೂತಿರುವ ಹಳೆಯ ಮನೆಗಳಲ್ಲಿ ಮುಂದಿನ ಗೋಡೆ ಭಾರ ಹೊತ್ತಿರುತ್ತದೆ. ಎಂಟು-ಹತ್ತು ಅಡಿ ಬಾಯಿ ತೆರೆಯಬೇಕಾದರೆ ಮೇಲೆ ಸರಿಯಾದ ತೊಲೆ ಬೇಕು, ಅದನ್ನು ಇಂಜಿನಿಯರ್ ನೋಡಿ ಹೇಳಬೇಕು. ಮೇಸ್ತ್ರಿ 'ಏನೂ ಆಗಲ್ಲ ಬಿಡಿ ಸಾರ್' ಅಂದ ಮಾತಿನ ಮೇಲೆ ಮಾಡಬಾರದ ಕೆಲಸ ಇದು.

ಕಾಗದದ ಕೆಲಸವೂ ಇದೆ. ವಾಸದ ಮನೆಯನ್ನು ಅಂಗಡಿ ಮಾಡಿದರೆ ಆಸ್ತಿ ತೆರಿಗೆ ವಾಣಿಜ್ಯ ದರಕ್ಕೆ ಹೋಗುತ್ತದೆ, ಸ್ಥಳೀಯ ಸಂಸ್ಥೆಯ ಅನುಮತಿ ಬೇಕು, ವ್ಯಾಪಾರ ಮಾಡುವವರಿಗೆ ಟ್ರೇಡ್ ಲೈಸೆನ್ಸ್ ಬೇಕು. ಕರೆಂಟಿಗೆ ಬೇರೆ ಮೀಟರ್ ಹಾಕಿಸಲೇಬೇಕು. 200 ಯೂನಿಟ್‌ವರೆಗಿನ ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ, ಅದೇ ಮೀಟರಿನಲ್ಲಿ ಅಂಗಡಿ ಫ್ರಿಜ್ಜು ಓಡಿಸಿದರೆ ಬೆಸ್ಕಾಂ ದಂಡಕ್ಕೆ ದಾರಿ. ರಸ್ತೆ ಅಗಲೀಕರಣದ ಗುರುತು ಮುಂದಿನ ರೂಮಿನೊಳಗೆ ಬಿದ್ದಿದೆಯಾ ಎಂದು ಮೊದಲೇ ವಿಚಾರಿಸಬೇಕು. ಮನೆಯವರು ಓಡಾಡಲು ಪಕ್ಕದಲ್ಲಿ ಮೂರು ಅಡಿ ದಾರಿಯಷ್ಟೇ ಉಳಿದರೆ ಹಿಂದಿನ ಮನೆಯ ಬೆಲೆ ಬೀಳುತ್ತದೆ. ಅಂಗಡಿ ಸೇರಿದ ಆಸ್ತಿಗೆ ಗೃಹಸಾಲ ಕೊಡಲು ಹಿಂದೇಟು ಹಾಕುವ ಬ್ಯಾಂಕುಗಳೂ ಇವೆ. ಹೀಗಾಗಿ ಕೊಳ್ಳುವವರ ಸಂಖ್ಯೆ ಕಡಿಮೆಯಾಗುತ್ತದೆ. ಮುಖ್ಯರಸ್ತೆಯಲ್ಲಿ ಇರುವವರಿಗೆ ಇದೇ ಮೊದಲ ಆಯ್ಕೆ, ಉಳಿದವರು ಬಿಡುವುದೇ ಲೇಸು.

ಹಾಲ್, ಮಲಗುವ ಕೋಣೆಗೆ ಬಣ್ಣ, ಬೆಳಕು, ಸರಿಯಾಗಿ ಮುಚ್ಚುವ ಕಿಟಕಿ ಸಾಕು. ಕೊಬ್ಬರಿ ಅಟ್ಟ ಇರುವ ಹಳ್ಳಿ ಮನೆಯವರು ಅದನ್ನು ಕಿತ್ತು ಸೀಲಿಂಗ್ ಮಾಡಿಸುವ ಮುನ್ನ ಯೋಚಿಸಬೇಕು. ಪೇಟೆಯ ಗಿರಾಕಿ ಅಟ್ಟಕ್ಕೆ ಬೆಲೆ ಕಟ್ಟುವುದಿಲ್ಲ, ತೆಂಗಿನಕಾಯನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುವ ಬೆಳೆಗಾರ ಕಟ್ಟುತ್ತಾನೆ.

ಬಾಡಿಗೆಯಿಂದ ಲೆಕ್ಕ ಹಾಕುವ ಬಗೆ

ಯಾವ ಕೋಣೆ ಎಂಬ ಜಗಳ ಮುಗಿಯದಿದ್ದರೆ ಬಾಡಿಗೆಯ ಲೆಕ್ಕ ಹಾಕಿ ನೋಡಬಹುದು. ಬಾತ್‌ರೂಮಿಗೆ 1.5 ಲಕ್ಷ ಖರ್ಚಾಗಿ ತಿಂಗಳ ಬಾಡಿಗೆ 1,500 ರೂಪಾಯಿ ಹೆಚ್ಚಿತು ಎಂದುಕೊಳ್ಳೋಣ. ವರ್ಷಕ್ಕೆ 18,000, ಅಂದರೆ ಶೇ. 12. ಹಾಕಿದ ಹಣ 100 ತಿಂಗಳಲ್ಲಿ ವಾಪಸು. ಅದೇ ಅಡುಗೆಮನೆಗೆ 3 ಲಕ್ಷ ಸುರಿದು ಬಾಡಿಗೆ 1,000 ಏರಿದರೆ ವರ್ಷಕ್ಕೆ 12,000, ಶೇ. 4 ಮಾತ್ರ, ಹಣ ಬರಲು 25 ವರ್ಷ. ಅಷ್ಟರಲ್ಲಿ ಆ ಕಪಾಟೇ ಇರುವುದಿಲ್ಲ. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ಅವರವರ ಬೀದಿಯ ಬಾಡಿಗೆ, ಅವರವರ ಮೇಸ್ತ್ರಿ ಹೇಳಿದ ಖರ್ಚು ಹಾಕಿ ಮಾಡಬೇಕು. ಬಂದ ಉತ್ತರ ಬ್ಯಾಂಕಿನ ಎಫ್‌ಡಿ ಬಡ್ಡಿಗಿಂತ ಕಡಿಮೆಯಾದರೆ ಅದು ಸ್ವಂತ ಸುಖಕ್ಕೆ ಮಾಡುವ ಖರ್ಚು ಎಂದು ಒಪ್ಪಿಕೊಂಡು ಮಾಡಿಸಬೇಕು, ಅದರಲ್ಲಿ ತಪ್ಪೇನಿಲ್ಲ.

ಮಾರುವವರು ಊರಿನ ಇಬ್ಬರು ಬ್ರೋಕರ್‌ಗಳನ್ನು ಬೇರೆ ಬೇರೆಯಾಗಿ ಕರೆದು, ಮನೆ ಈಗ ಇದ್ದ ಹಾಗೆ ಎಷ್ಟಕ್ಕೆ ಹೋಗುತ್ತದೆ, ಒಳಗೆ ಬಾತ್‌ರೂಮ್ ಆದರೆ ಎಷ್ಟು ಎಂದು ಕೇಳಬಹುದು. ಇಬ್ಬರೂ 'ಹಾಗೇ ಕೊಡಿ, ತಗೊಂಡೋರು ಕೆಡವಿ ಕಟ್ತಾರೆ' ಎಂದರೆ ಗಿರಾಕಿ ಬರುತ್ತಿರುವುದು ಸೈಟಿಗೆ. ಆಗ ಯಾವ ಕೋಣೆಗೂ ಒಂದು ರೂಪಾಯಿ ಹಾಕಬಾರದು.

ಬಿಲ್ಲು, ಪರವಾನಗಿ, ಕೆಲಸದ ಕಾಲ

ಟೈಲ್ಸ್ ಬದಲಿಸುವುದು, ಗಾರೆ, ಬಣ್ಣಕ್ಕೆ ಪರವಾನಗಿ ಕೇಳುವವರಿಲ್ಲ. ಹೊಸ ಗೋಡೆ ಎದ್ದು ಹೊಸ ಛಾವಣಿ ಬಂದರೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು, ಖಾತೆಯಲ್ಲಿ ಅಳತೆ ತಿದ್ದಿಸಬೇಕು.

ಬಿಲ್ಲು ಇಲ್ಲದೆ ಕಡಿಮೆ ರೇಟಿಗೆ ಸಾಮಾನು ಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಮುಂದೆ ಮನೆ ಮಾರಿ ಲಾಭದ ಮೇಲೆ ತೆರಿಗೆ ಕಟ್ಟುವಾಗ ಹೊಸ ಬಾತ್‌ರೂಮ್ ಕಟ್ಟಿಸಿದಂಥ ಖರ್ಚನ್ನು ಮನೆಯ ಮೂಲ ಬೆಲೆಗೆ ಸೇರಿಸಿಕೊಳ್ಳಬಹುದು, ಸುಣ್ಣಬಣ್ಣ ಸೇರುವುದಿಲ್ಲ. ಎರಡು ವರ್ಷ ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ತೆರಿಗೆ ಶೇ. 12.5. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಯಾದರೆ ಹಳೆಯ ಶೇ. 20ರ, ಹಣದುಬ್ಬರ ಕಳೆಯುವ ಲೆಕ್ಕವನ್ನೂ ಹಾಕಿ ಕಡಿಮೆ ಬರುವುದನ್ನು ಕಟ್ಟಬಹುದು. ಎರಡರಲ್ಲೂ ಬಿಲ್ಲು ಕೇಳುತ್ತಾರೆ. ಸಾಲ ಮಾಡಿ ರಿಪೇರಿ ಮಾಡಿಸಿ ತಾವೇ ವಾಸವಿರುವವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಅದು ಸಿಗದು. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು 18 ಆಗಿದೆ. ಮೇಸ್ತ್ರಿಯ ಎಸ್ಟಿಮೇಟು ಅದಕ್ಕೂ ಹಿಂದಿನದಾದರೆ ಹೊಸದಾಗಿ ಬರೆಸಬೇಕು.

ಗುತ್ತಿಗೆ ಮಾತಾಡುವಾಗ ಕೂಲಿ ಬೇರೆ, ಸಾಮಾನು ಬೇರೆ ಬರೆಸಿಕೊಳ್ಳಬೇಕು. ಒಡೆದ ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರದು ಎಂಬುದನ್ನೂ ಬರೆಸಬೇಕು, ಕೊನೆಯಲ್ಲಿ ಜಗಳ ಬರುವುದು ಅಲ್ಲೇ. ಹಣವನ್ನು ಮೂರು ಕಂತು ಮಾಡಿ, ಕೊನೆಯದನ್ನು ನೀರು ಬಿಟ್ಟು ನೋಡಿದ ಮೇಲೆ ಕೊಡುವುದು ಕ್ಷೇಮ. ತಾರಸಿ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಬಚ್ಚಲ ಕೆಲಸಕ್ಕೆ ಕಾಲದ ಹಂಗಿಲ್ಲ, ಎರಡು-ಮೂರು ವಾರ ಹಿಡಿಯುತ್ತದೆ. ಇರುವ ಒಂದೇ ಶೌಚಾಲಯವನ್ನು ಒಡೆಸುವವರು ಅಷ್ಟು ದಿನ ಮನೆಯವರು, ಅದರಲ್ಲೂ ವಯಸ್ಸಾದವರು ಎಲ್ಲಿಗೆ ಹೋಗಬೇಕು ಎಂಬುದನ್ನು ಮೇಸ್ತ್ರಿ ಸುತ್ತಿಗೆ ಎತ್ತುವ ಮುನ್ನ ಪಕ್ಕದ ಮನೆಯವರ ಜತೆ ಮಾತಾಡಿಟ್ಟುಕೊಳ್ಳಬೇಕು.